ಒಲೆ ಉರಿದರೂ ಟ್ಯಾಂಕಿನ ನೀರು ಬಿಸಿಯಾಗದಿದ್ದರೆ?

ಅಡುಗೆಗೆ ಗ್ಯಾಸು ಬಂದು ಬಹಳ ವರ್ಷವಾಯಿತು. ಆದರೂ ಮಲೆನಾಡಿನ ಕೃಷಿಕರ ಮನೆಗಳಲ್ಲಿ ಕಟ್ಟಿಗೆ ಒಲೆ ಪೂರ್ತಿ ಆರಿಲ್ಲ. ದನಗಳಿಗೆ ಅಕ್ಕಚ್ಚು ಕಾಯಿಸಬೇಕು, ಸುಗ್ಗಿಯಲ್ಲಿ ಅಡಿಕೆ ಬೇಯಿಸಬೇಕು, ನೆಂಟರು ಬಂದ ದಿನ ದೊಡ್ಡ ಪಾತ್ರೆ ಏರಿಸಬೇಕು. ಈ ಉರಿಯ ದೊಡ್ಡ ಪಾಲು ಹೊಗೆ ಕೊಳವೆಯಲ್ಲಿ ಹೊರಟು ಹೋಗುತ್ತದೆ. ಅದರಲ್ಲಿ ಸ್ವಲ್ಪವನ್ನಾದರೂ ಹಿಡಿದು ಸ್ನಾನದ ನೀರು ಕಾಯಿಸೋಣ ಅಂತ ಒಲೆಯ ಹಿಂಬದಿಗೆ ತಾಮ್ರದ ಕಾಯಿಲ್ ಕೂರಿಸಿ, ಎತ್ತರದಲ್ಲೊಂದು ಡ್ರಮ್ಮು ಇಟ್ಟು, ಎರಡು ಪೈಪಿನಲ್ಲಿ ಜೋಡಿಸುವ ಪದ್ಧತಿ ನಮ್ಮಲ್ಲಿದೆ. ಪಂಪು ಬೇಡ, ಕರೆಂಟು ಬೇಡ. ಬಿಸಿಲೇ ಕಾಣದ ಆಟಿ ತಿಂಗಳಲ್ಲಿ ಸೋಲಾರು ಕೈಕೊಟ್ಟಾಗ ಇದೇ ಗತಿ.

ಸರಿಯಾಗಿ ನಡೆದರೆ ಇದರಷ್ಟು ಸುಖ ಬೇರೆ ಇಲ್ಲ. ಆದರೆ ನಾನು ನೋಡಿದ ಎಷ್ಟೋ ಮನೆಗಳಲ್ಲಿ ಒಂದೆರಡು ವರ್ಷಕ್ಕೇ ಡ್ರಮ್ಮು ಮೂಲೆ ಸೇರಿದೆ. 'ಉರಿ ಹಾಕಿ ಹಾಕಿ ಸಾಕಾಯ್ತು ಮಾರಾಯ್ರೆ, ನೀರು ಉಗುರುಬೆಚ್ಚಗೂ ಆಗುವುದಿಲ್ಲ' ಎಂಬ ದೂರು. ಕೆಲಸದವರನ್ನು ಕರೆದರೆ ಸಾಮಾನ್ಯವಾಗಿ ಸಿಗುವ ಉತ್ತರ – 'ಕಾಯಿಲ್ ಹೋಗಿದೆ, ಬದಲಿಸಬೇಕು.' ತಾಮ್ರದ ಬೆಲೆ ನಿಮಗೆ ಗೊತ್ತೇ ಇದೆ. ನಾನು ಬಿಚ್ಚಿ ನೋಡಿದ ಹೆಚ್ಚಿನ ಕಡೆ ಕಾಯಿಲ್ ಸರಿಯಾಗೇ ಇತ್ತು. ನೀರು ತಿರುಗುತ್ತಿರಲಿಲ್ಲ, ಅಷ್ಟೆ.

ತಿರುಗದ ನೀರು ಬರೀ ಸ್ನಾನದ ತೊಂದರೆಯಲ್ಲ. ಕಾಯಿಲಿನಲ್ಲಿ ನಿಂತ ನೀರು ಕುದಿದು ಆವಿಯಾಗುತ್ತದೆ, ಆವಿಗೆ ದಾರಿ ಇಲ್ಲದಿದ್ದರೆ ಅಪಾಯ. ಹಾಗಾಗಿ ಈ ವಿಷಯ ಮನೆಯವರೆಲ್ಲ ತಿಳಿದಿರಬೇಕಾದ್ದು.

ನೀರನ್ನು ತಿರುಗಿಸುವ ಬಲ ಎಷ್ಟು?

ಬಿಸಿ ನೀರು ಹಗುರ, ತಣ್ಣೀರು ಭಾರ. ಕಾಯಿಲಿನಲ್ಲಿ ಕಾದ ನೀರು ಒಂದು ಪೈಪಿನಲ್ಲಿ ಮೇಲೇರುತ್ತದೆ, ಡ್ರಮ್ಮಿನ ತಳದ ತಣ್ಣೀರು ಇನ್ನೊಂದು ಪೈಪಿನಲ್ಲಿ ಇಳಿದು ಅದರ ಜಾಗಕ್ಕೆ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ಬಲ ಎಷ್ಟು ಸಣ್ಣದು ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

30 ಡಿಗ್ರಿಯ ಸಾವಿರ ಲೀಟರು ನೀರು ಸುಮಾರು 996 ಕಿಲೋ ತೂಗುತ್ತದೆ. 60 ಡಿಗ್ರಿಯದ್ದು 983 ಕಿಲೋ. ವ್ಯತ್ಯಾಸ ನೂರಕ್ಕೆ ಒಂದೂಕಾಲು ಪಾಲು ಮಾತ್ರ. ಅಂದರೆ ಬಿಸಿ ಪೈಪು, ತಣ್ಣೀರ ಪೈಪು ಎರಡೂ ಒಂದು ಮೀಟರು ಎತ್ತರ ಇದ್ದರೆ, ನೀರನ್ನು ತಳ್ಳುವ ಬಲ ಸುಮಾರು 12 ಮಿಲಿಮೀಟರು ಎತ್ತರದ ನೀರಿನ ಭಾರದಷ್ಟು. ಅರ್ಧ ಇಂಚೂ ಇಲ್ಲ! ಇಪ್ಪತ್ತು ಅಡಿ ಎತ್ತರದ ಟ್ಯಾಂಕಿನಿಂದ ನಳ್ಳಿಗೆ ಬರುವ ಒತ್ತಡ ಇದರ ಐನೂರು ಪಟ್ಟು.

ನಳ್ಳಿ ನೀರಿನ ಪೈಪಿನಲ್ಲಿ ಒಂದು ಡೊಂಕು, ಒಂದು ಕಿರಿದಾದ ವಾಲ್ವು, ಸ್ವಲ್ಪ ಗಾಳಿ ಇದ್ದರೂ ನಡೆದುಹೋಗುತ್ತದೆ. ಇಲ್ಲಿ ನಡೆಯುವುದಿಲ್ಲ. ನಳ್ಳಿ ಪೈಪು ಹಾಕಿದ ಅಭ್ಯಾಸದಲ್ಲೇ ಕಾಯಿಲಿನ ಪೈಪೂ ಹಾಕುವುದರಿಂದ ತೊಂದರೆ ಹುಟ್ಟುತ್ತದೆ. ಅರ್ಧ ಇಂಚಿನ ಬಲವನ್ನು ಯಾವುದು ತಡೆಯುತ್ತಿದೆ ಅಂತ ಹುಡುಕುವುದೇ ರಿಪೇರಿ.

ಪಂಪಿಲ್ಲದೆ ನೀರು ತಿರುಗಿಸುವುದು ಹಳೇ ವಿದ್ಯೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಮೊದಲ ಕೆಲವು ಸಾವಿರ ಗಾಡಿಗಳನ್ನು ಬಿಟ್ಟರೆ, ಇಂಜಿನು ತಣಿಸುವ ನೀರಿಗೆ ಪಂಪೇ ಇರಲಿಲ್ಲ. ಮಾಡಿನ ಮೇಲಿನ ಸೋಲಾರೂ ಇದೇ ತತ್ವದಲ್ಲಿ ನಡೆಯುತ್ತದೆ.

ಪೈಪು ಮುಟ್ಟಿ ರೋಗ ಹಿಡಿಯುವುದು

ಏನನ್ನೂ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ. ಡ್ರಮ್ಮು ತುಂಬಿರಲಿ. ಒಣ ಕಟ್ಟಿಗೆಯಲ್ಲಿ ಕಾಲು ಗಂಟೆ ಒಳ್ಳೆ ಉರಿ ಹಾಕಿ. ಆಮೇಲೆ ಎರಡೂ ಪೈಪುಗಳನ್ನು ಒಲೆಯ ಹತ್ತಿರದಿಂದ ಡ್ರಮ್ಮಿನವರೆಗೆ ನೋಡುತ್ತಾ ಹೋಗಿ. ಮೊದಲು ನಾಲ್ಕು ಹನಿ ನೀರು ಚಿಮುಕಿಸಿ, ಚುಂಯ್ ಅಂದರೆ ಕೈ ಇಡಬೇಡಿ. ಇಲ್ಲವಾದರೆ ಬೆರಳಿನ ಹಿಂಬದಿ ತಾಗಿಸಿ ನೋಡಿ.

1. ಮೇಲೇರುವ ಪೈಪು ಉದ್ದಕ್ಕೂ ಬಿಸಿ, ಇಳಿಯುವ ಪೈಪು ತಣ್ಣಗೆ: ನೀರು ತಿರುಗುತ್ತಿದೆ, ಪೈಪು ಮುಟ್ಟಬೇಡಿ. ಆದರೂ ಸ್ನಾನಕ್ಕೆ ಬಿಸಿ ಸಾಲದಿದ್ದರೆ ಡ್ರಮ್ಮು ದೊಡ್ಡದಾಯಿತು ಅಥವಾ ಬಿಸಿ ಹೊರಗೆ ಹೋಗುತ್ತಿದೆ.

2. ಏರುವ ಪೈಪು ಒಲೆಯ ಹತ್ತಿರ ಸುಡುತ್ತದೆ, ಎರಡಡಿ ಆಚೆ ತಣ್ಣಗಿದೆ: ನೀರು ನಿಂತಿದೆ. ಗಾಳಿ ಕಟ್ಟಿದೆ, ಪೈಪು ಕಟ್ಟಿದೆ ಅಥವಾ ಡ್ರಮ್ಮಿನಲ್ಲಿ ನೀರಿನ ಮಟ್ಟ ಇಳಿದಿದೆ.

3. ಒಲೆಯ ಹತ್ತಿರ ಎರಡೂ ಪೈಪು ಸುಡುತ್ತವೆ, ಒಳಗೆ ಧಡ್ ಧಡ್ ಸದ್ದು: ಕಾಯಿಲಿನಲ್ಲಿ ಆವಿ ಹುಟ್ಟಿ ನೀರನ್ನು ಎರಡೂ ಕಡೆ ನೂಕುತ್ತಿದೆ. ಕೂಡಲೇ ಕಟ್ಟಿಗೆ ಎಳೆದು ಉರಿ ಇಳಿಸಿ.

4. ಎರಡೂ ಪೈಪು ಸ್ವಲ್ಪ ಬೆಚ್ಚಗೆ, ಅಷ್ಟೆ: ನೀರಿನ ದೋಷವಲ್ಲ. ಕಾಯಿಲಿಗೆ ಬಿಸಿ ತಾಗುತ್ತಿಲ್ಲ. ಮಸಿ ಕಟ್ಟಿದೆ, ಕಟ್ಟಿಗೆ ಹಸಿ ಇದೆ ಅಥವಾ ಉರಿಯ ದಾರಿಯಲ್ಲಿ ಕಾಯಿಲ್ ಇಲ್ಲ.

ಇನ್ನು ಒಂದೊಂದಾಗಿ ನೋಡೋಣ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

ನೀರಿನ ಮಟ್ಟ

ಅತಿ ಸುಲಭದ್ದು, ಅತಿ ಹೆಚ್ಚು ಕಾಣುವುದು ಇದೇ. ಬಿಸಿ ಪೈಪು ಡ್ರಮ್ಮಿಗೆ ಸೇರುವ ಬಾಯಿ ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ಮಟ್ಟ ಆ ಬಾಯಿಂದ ಕೆಳಗಿಳಿಯಿತೋ, ಸುತ್ತು ಕಡಿಯಿತು, ತಿರುಗುವುದು ನಿಂತಿತು.

ಡ್ರಮ್ಮಿನ ತಳದಲ್ಲಿ ನಳ್ಳಿ ಇಟ್ಟವರಲ್ಲಿ ಹೀಗಾಗುತ್ತದೆ. ಇಬ್ಬರು ಸ್ನಾನ ಮಾಡಿದರು, ಮಟ್ಟ ಇಳಿಯಿತು, ಮೂರನೆಯವರಿಗೆ ಉರಿ ಹಾಕಿದರೆ ನೀರು ಕಾಯುವುದಿಲ್ಲ. ಪರಿಹಾರ ಸರಳ. ಬಿಸಿ ಪೈಪು ಡ್ರಮ್ಮಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಸೇರಲಿ. ಬಳಸುವ ನಳ್ಳಿಯ ಪೈಪು ಅದಕ್ಕಿಂತ ಮೇಲಿಂದ ಹೊರಡಲಿ. ತಣ್ಣೀರು ತಳಕ್ಕೆ ಬಂದು ಸೇರಲಿ, ಬಿಸಿಯ ಜತೆ ಕಲಕಬಾರದು. ಆಗ ತಣ್ಣೀರು ಬಂದಷ್ಟೇ ಬಿಸಿ ನೀರು ಹೊರಗೆ ಬರುತ್ತದೆ. ಕರೆಂಟು ಹೋಗಿ ಮೇಲಿನ ಟ್ಯಾಂಕು ಖಾಲಿಯಾದರೂ ಡ್ರಮ್ಮು ಖಾಲಿಯಾಗುವುದಿಲ್ಲ.

ಡ್ರಮ್ಮಿಗೆ ತಣ್ಣೀರು ತರುವ ಪೈಪು ಮೇಲಿನ ಟ್ಯಾಂಕಿನಿಂದ ಬೇರೆಯೇ ಬರಲಿ. ಬಚ್ಚಲಿನ ತಣ್ಣೀರ ಲೈನಿಗೇ ಕವಲು ಹಾಕಿದರೆ, ಟ್ಯಾಂಕು ಖಾಲಿಯಾದ ಹೊತ್ತು ಯಾರಾದರೂ ಕೆಳಗಿನ ನಳ್ಳಿ ತಿರುಗಿಸಿದಾಗ ಡ್ರಮ್ಮಿನ ನೀರು ಹಿಂದಕ್ಕೆ ಇಳಿದು ಹೋಗುತ್ತದೆ.

ಗಾಳಿ

ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ಮನೆಗೆ ತಂದವರಿಗೆ ಗಾಳಿ ಕಟ್ಟುವ ಕಾಟ ಹೇಳಿಕೊಡಬೇಕಾಗಿಲ್ಲ. ಏರು ತಗ್ಗಿನ ಪೈಪಿನಲ್ಲಿ, ಉಬ್ಬಿದ ಜಾಗದಲ್ಲೆಲ್ಲ ಗಾಳಿ ಕೂತುಬಿಡುತ್ತದೆ. ಒಲೆಯ ಪೈಪಿನಲ್ಲಿ ಇದು ಇನ್ನೂ ಹೆಚ್ಚು. ಯಾಕೆಂದರೆ ತಣ್ಣೀರಿನಲ್ಲಿ ಕರಗಿದ ಗಾಳಿ ಕಾಯಿಸಿದಾಗ ಗುಳ್ಳೆಯಾಗಿ ಹೊರಗೆ ಬರುತ್ತದೆ. ಪಾತ್ರೆಯಲ್ಲಿ ನೀರು ಕುದಿಯುವ ಮುಂಚೆಯೇ ಅಂಚಿಗೆ ಗುಳ್ಳೆ ಹಿಡಿಯುವುದನ್ನು ನೋಡಿದ್ದೀರಲ್ಲ, ಅದೇ. ಅಂದರೆ ಇವತ್ತು ಗಾಳಿ ತೆಗೆದರೂ ನಾಳೆ ಮತ್ತೆ ಹುಟ್ಟುತ್ತದೆ. ಅದು ತಾನಾಗಿ ಮೇಲೆ ಹೋಗಲು ದಾರಿ ಇರಬೇಕು.

ಪೈಪಿನಲ್ಲಿ ಎರಡಿಂಚು ಉಬ್ಬು ಇದ್ದು ಅಲ್ಲಿ ಗಾಳಿ ತುಂಬಿತು ಎನ್ನಿ. ನೀರು ಆ ಎರಡಿಂಚು ಹತ್ತಿ ಆಚೆ ಬೀಳಬೇಕು. ನಮ್ಮಲ್ಲಿರುವ ಬಲ ಅರ್ಧ ಇಂಚು, ಬಹಳವೆಂದರೆ ಒಂದಿಂಚು. ಹತ್ತುವುದು ಎಲ್ಲಿಂದ? ಸಣ್ಣ ಉಬ್ಬೂ ನೀರಿಗೆ ಗೋಡೆ ಇದ್ದಂತೆ.

ಆದ್ದರಿಂದ ಬಿಸಿ ಪೈಪು ಕಾಯಿಲಿನಿಂದ ಡ್ರಮ್ಮಿನವರೆಗೆ ಏರುತ್ತಲೇ ಹೋಗಬೇಕು. ಅಡ್ಡಕ್ಕೆ ಹೋಗುವಲ್ಲೂ ಮೀಟರಿಗೆ ಎರಡು ಮೂರು ಸೆಂಟಿಮೀಟರು ಏರು ಇರಲಿ. ಕಣ್ಣಂದಾಜು ಸಾಲದು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ನಳಿಗೆಯಲ್ಲಿ ನೀರು ತುಂಬಿ ಹಿಡಿದು ನೋಡಿ. ಹೊಸತರಲ್ಲಿ ಸರಿ ಇದ್ದ ಪೈಪು, ಗೋಡೆಯ ಕ್ಲಾಂಪು ಸಡಿಲವಾಗಿ ನಡುವೆ ಜೋತಿರಬಹುದು. ಸಾದಾ ಪಿವಿಸಿ ಪೈಪು ಬಳಸಿದ ಕಡೆ ಹೀಗಾಗುವುದು ಖಂಡಿತ. ಅದು 60 ಡಿಗ್ರಿಯ ಹತ್ತಿರವೇ ಮೆದುವಾಗಲು ತೊಡಗುತ್ತದೆ. ಕಾಯಿಲಿನಿಂದ ಡ್ರಮ್ಮಿನವರೆಗೆ ತಾಮ್ರ ಅಥವಾ ಜಿಐ ಪೈಪೇ ಆಗಬೇಕು. ಡ್ರಮ್ಮಿನಿಂದ ಬಚ್ಚಲಿಗೆ ಸಿಪಿವಿಸಿ ಆದೀತು.

ಕಾಯಿಲಿನ ಒಳಗೂ ಇದೇ ನಿಯಮ. ತಣ್ಣೀರು ಕಾಯಿಲಿನ ಕೆಳಗಿನ ಬಾಯಿಗೆ ಬಂದು, ಸುತ್ತು ಸುತ್ತಾಗಿ ಏರಿ, ಮೇಲಿನ ಬಾಯಿಂದ ಹೊರಡಬೇಕು. ಸುತ್ತು ಎಲ್ಲೂ ಹಿಂದಕ್ಕೆ ಇಳಿಯಬಾರದು. ಪಾತ್ರೆ ಕುಕ್ಕಿ ಮೇಲಿನ ಸುತ್ತು ಬಗ್ಗಿದ ಕಾಯಿಲನ್ನೂ ಕಂಡಿದ್ದೇನೆ.

ಈಗ ಕಟ್ಟಿದ ಗಾಳಿ ತೆಗೆಯುವುದು ಹೇಗೆ? ಸುತ್ತಿನ ಅತಿ ತಗ್ಗಿನ ಜಾಗದಲ್ಲಿ ಒಂದು ಟೀ ಹಾಕಿ, ಅದರ ಕವಲಿಗೆ ಒಂದು ಸಣ್ಣ ನಳ್ಳಿ ಕೂರಿಸಿಟ್ಟುಕೊಳ್ಳಿ. ಒಲೆ ಪೂರ್ತಿ ಆರಿ ತಣಿದ ಮೇಲೆ ಆ ನಳ್ಳಿಗೆ ಮೇಲಿನ ಟ್ಯಾಂಕಿನ ರಬ್ಬರು ಪೈಪು ಸಿಕ್ಕಿಸಿ ನೀರು ಬಿಡಿ. ಕೆಳಗಿಂದ ಬಂದ ನೀರು ಗಾಳಿಯನ್ನು ಡ್ರಮ್ಮಿನ ಕಡೆಗೆ ತಳ್ಳುತ್ತದೆ. ಗುಳುಗುಳು ಸದ್ದು ನಿಲ್ಲುವವರೆಗೆ ಬಿಡಿ. ತುಕ್ಕು, ಕೆಸರು ತೊಳೆಯಲೂ ಇದೇ ನಳ್ಳಿ ಸಾಕು. ಗಾಳಿ ತೆಗೆದ ಎರಡೇ ದಿನದಲ್ಲಿ ಮತ್ತೆ ನಿಂತರೆ, ಉಬ್ಬು ಎಲ್ಲೋ ಇದೆ ಎಂದೇ ಅರ್ಥ. ಪೈಪು ಸರಿಪಡಿಸಲೇಬೇಕು.

ಎತ್ತರ ಮತ್ತು ಪೈಪಿನ ಗಾತ್ರ

ಡ್ರಮ್ಮಿನ ತಳ ಕಾಯಿಲಿನ ತಲೆಗಿಂತ ಮೇಲಿರಬೇಕು. ಒಂದಡಿಯಾದರೂ ಬೇಕು, ಎರಡು ಮೂರು ಅಡಿ ಇದ್ದರೆ ಒಳ್ಳೆಯದು. ಎತ್ತರ ಹೆಚ್ಚಿದಷ್ಟೂ ಬಲ ಹೆಚ್ಚು. ಡ್ರಮ್ಮು ಕೆಳಗಿದ್ದರೆ ರಾತ್ರಿ ಒಲೆ ಆರಿದ ಮೇಲೆ ಹೊಗೆ ಕೊಳವೆಯ ತಣ್ಣನೆ ಗಾಳಿಗೆ ಕಾಯಿಲ್ ತಣಿದು, ನೀರು ತಿರುವುಮುರುವಾಗಿ ಹರಿದು, ಬೆಳಗಾಗುವಾಗ ಬಿಸಿಯೆಲ್ಲ ಮಾಯವಾಗಿರುತ್ತದೆ.

ಡ್ರಮ್ಮು ಒಲೆಗೆ ಹತ್ತಿರವಿರಲಿ. ಉದ್ದದ ಅಡ್ಡ ಪೈಪು ಬಲ ತಿನ್ನುತ್ತದೆ, ಬಿಸಿಯನ್ನೂ ತಿನ್ನುತ್ತದೆ.

ಪೈಪು ಒಂದು ಇಂಚಿನದು ಬೇಕು. 'ಸ್ವಲ್ಪವೇ ನೀರಲ್ಲವೇ, ಅರ್ಧ ಇಂಚು ಸಾಕು' ಅಂತ ಹೇಳುವವರಿದ್ದಾರೆ. ಆದರೆ ಇಷ್ಟು ನಿಧಾನ ಹರಿಯುವ ನೀರಿಗೆ ಪೈಪಿನ ವ್ಯಾಸ ಅರ್ಧವಾದರೆ ತಡೆ ಹದಿನಾರು ಪಟ್ಟು. ಚೂಪು ಎಲ್ಬೋ ಬದಲು ಉದ್ದನೆಯ ಬೆಂಡು ಹಾಕಿ. ಜಿಐ ಪೈಪು ಕತ್ತರಿಸಿದಲ್ಲಿ ಒಳಗೆ ಉಳಿಯುವ ಚೂಪು ಅಂಚನ್ನು ಅರದಲ್ಲಿ ಉಜ್ಜಿ ತೆಗೆಯಿರಿ. ಜೋಡಣೆಯ ನೂಲು, ಟೇಪು ಒಳಗೆ ಇಣುಕಬಾರದು. ಕಾಯಿಲಿನ ಎರಡೂ ತುದಿಗೆ ಹಿತ್ತಾಳೆಯ ಯೂನಿಯನ್ ಹಾಕಿದರೆ ಮುಂದೆ ಬಿಚ್ಚಲು ಸುಲಭ. ತಾಮ್ರ ನೇರವಾಗಿ ಜಿಐಗೆ ತಾಗಿ ಜಿಐ ಬೇಗ ಸವೆಯುವುದೂ ಕಡಿಮೆಯಾಗುತ್ತದೆ.

ಕಾಯಿಲ್ ಮತ್ತು ಡ್ರಮ್ಮಿನ ನಡುವೆ ವಾಲ್ವು ಹಾಕಲೇಬೇಡಿ. ನೀರು ಹಿಂದೆ ಹೋಗದ ವಾಲ್ವೂ ಬೇಡ. ಅದರ ಬಾಗಿಲು ತೆರೆಯುವಷ್ಟು ಬಲ ನಮ್ಮ ನೀರಿಗಿಲ್ಲ. ಸಾದಾ ವಾಲ್ವು ಇದ್ದರೆ ಯಾರೋ ಒಬ್ಬರು ಒಂದು ದಿನ ಮುಚ್ಚಿಯೇ ಮುಚ್ಚುತ್ತಾರೆ.

ಇನ್ನೊಂದು ಮಾತು. ಕೆಲಸ ಚಂದ ಕಾಣಲಿ ಅಂತ ಎರಡೂ ಪೈಪನ್ನು ಅಂಟಿಸಿ ಒಂದೇ ಗಾರೆಯಲ್ಲಿ ಮುಚ್ಚುವುದುಂಟು, ಅಥವಾ ಇಳಿಯುವ ಪೈಪನ್ನು ಬಿಸಿ ಹೊಗೆ ಕೊಳವೆಯ ಪಕ್ಕ ತರುವುದುಂಟು. ಇಳಿಯುವ ನೀರೂ ಕಾದರೆ ಎರಡರ ತೂಕ ಒಂದೇ ಆಗಿ ಬಲವೇ ಹೋಯಿತು. ಏರುವ ಪೈಪಿಗೆ ಬಟ್ಟೆ, ಗ್ಲಾಸ್ ವುಲ್ ಸುತ್ತಿ, ಇಳಿಯುವ ಪೈಪು ಬರಿದಾಗಿರಲಿ, ದೂರವಿರಲಿ.

ಗಾರು ಮತ್ತು ಮಸಿ

ಮೊದಲು ಚೆನ್ನಾಗಿ ನಡೆದು, ತಿಂಗಳು ತಿಂಗಳಿಗೆ ನಿಧಾನವಾಗುತ್ತಾ ಬಂದರೆ ಅದು ಗಾರು. ಬೋರ್‌ವೆಲ್ಲಿನ ಗಡಸು ನೀರಿನವರಿಗೆ ಈ ಕಾಟ ಹೆಚ್ಚು. ನೀರು ಕಾದಾಗ ಸುಣ್ಣದ ಅಂಶ ಬಿಟ್ಟು, ಅತಿ ಬಿಸಿಯಾಗುವ ಕಾಯಿಲಿನಲ್ಲೇ ಕಲ್ಲಿನಂತೆ ಕೂರುತ್ತದೆ. ದಾರಿ ಕಿರಿದಾಗುವುದು ಒಂದು, ಉರಿಯ ಬಿಸಿ ನೀರಿಗೆ ಮುಟ್ಟದಿರುವುದು ಇನ್ನೊಂದು. ಜಂಬಿಟ್ಟಿಗೆ ಮಣ್ಣಿನ ತೆರೆದ ಬಾವಿಯ ಮೆದು ನೀರಿನಲ್ಲಿ ಇದು ಅಪರೂಪ, ಅಲ್ಲಿ ತುಕ್ಕಿನ ಕೆಸರು ನೋಡಿಕೊಂಡರೆ ಸಾಕು.

ಗಾರು ತೆಗೆಯಲು ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಸಾಕು. ಒಂದು ಲೀಟರು ಉಗುರುಬೆಚ್ಚಗಿನ ನೀರಿಗೆ 50 ಗ್ರಾಮಿನಂತೆ ಕರಗಿಸಿ, ಯೂನಿಯನ್ ಬಿಚ್ಚಿ ತೆಗೆದ ಕಾಯಿಲಿಗೆ ತುಂಬಿ ಕೆಲವು ಗಂಟೆ ಬಿಡಿ. ನೊರೆ ಬರುವುದು ನಿಂತ ಮೇಲೆ ಚೆಲ್ಲಿ, ಬೇಕಾದರೆ ಇನ್ನೊಮ್ಮೆ ಹಾಕಿ ಚೆನ್ನಾಗಿ ತೊಳೆಯಿರಿ. ಬಾಯಿ ಬಿರಡೆ ಹಾಕಿ ಮುಚ್ಚಬೇಡಿ, ಗ್ಯಾಸು ಹೊರಗೆ ಹೋಗಬೇಕು. ಕಕ್ಕಸು ತೊಳೆಯುವ ಘಾಟು ಆಸಿಡ್ ಬೇಡ, ಅದು ಲೋಹವನ್ನೂ ತಿನ್ನುತ್ತದೆ.

ಹೊರಗಿನ ಮಸಿಯೂ ಕಂಬಳಿ ಹೊದಿಸಿದ ಹಾಗೆ. ಒಳಗೆ ತಣ್ಣೀರು ಇರುವುದರಿಂದ ಕಾಯಿಲಿನ ಮೈ ತಣ್ಣಗಿರುತ್ತದೆ. ಹಸಿ ಕಟ್ಟಿಗೆಯ ಹೊಗೆ ಅಲ್ಲಿ ಡಾಂಬರಿನಂತೆ ಅಂಟುತ್ತದೆ. ವಾರಕ್ಕೊಮ್ಮೆ ತಂತಿ ಬ್ರಶ್ಶಿನಲ್ಲಿ ಉಜ್ಜಿ. ಮಳೆಗಾಲಕ್ಕೆ ಮೊದಲೇ ಕಟ್ಟಿಗೆ ಒಣಗಿಸಿ ಸೂರಿನಡಿ ಸೇರಿಸಿ.

ಡ್ರಮ್ಮು ಎಷ್ಟು ದೊಡ್ಡದಿರಬೇಕು?

ಆಸೆಗೆ 200 ಲೀಟರಿನದು ಇಟ್ಟು ನೀರು ಕಾಯುವುದಿಲ್ಲ ಎಂದರೆ ಅದು ತಿರುಗುವಿಕೆಯ ದೋಷವಲ್ಲ. ಲೆಕ್ಕ ನೋಡಿ. 100 ಲೀಟರು ನೀರನ್ನು 25 ಡಿಗ್ರಿಯಿಂದ 50ಕ್ಕೆ ಏರಿಸಲು 2,500 ಕಿಲೋಕ್ಯಾಲರಿ ಬೇಕು. ಒಣ ಕಟ್ಟಿಗೆ ಕಿಲೋಗೆ ಸುಮಾರು 4,000 ಕಿಲೋಕ್ಯಾಲರಿ ಕೊಡುತ್ತದೆ. ಐದು ಕಿಲೋ ಉರಿಸಿ, ಕಾಯಿಲ್ ಅದರ ಎಂಟನೇ ಒಂದು ಪಾಲು ಹಿಡಿದರೂ 100 ಲೀಟರು ಸ್ನಾನಕ್ಕೆ ಹದವಾಯಿತು. ಅದೇ ಬಿಸಿ 200 ಲೀಟರಿಗೆ ಹಂಚಿದರೆ 37 ಡಿಗ್ರಿ ಮಾತ್ರ. ನಿಮ್ಮ ಒಲೆ ದಿನಕ್ಕೆ ಎಷ್ಟು ಕಟ್ಟಿಗೆ ತಿನ್ನುತ್ತದೆ ನೋಡಿ ಡ್ರಮ್ಮು ಆರಿಸಿ. ಡ್ರಮ್ಮಿನ ಸುತ್ತ ಆರಿಂಚು ಬಿಟ್ಟು ಕಟ್ಟೆ ಕಟ್ಟಿ, ಒಣ ಭತ್ತದ ಹೊಟ್ಟು ತುಂಬಿದರೆ ಸಂಜೆಯ ಬಿಸಿ ಬೆಳಗಿನವರೆಗೆ ನಿಲ್ಲುತ್ತದೆ. ಹೊಟ್ಟು ನೆನೆಯಬಾರದು, ಬೆಂಕಿಯ ಕಿಡಿಯೂ ಹಾರಬಾರದು.

ಉಸಿರು ಕೊಳವೆ ಮುಚ್ಚಬೇಡಿ

ಮುಚ್ಚಿದ ಡ್ರಮ್ಮಿಗೆ ಮೇಲಿನಿಂದ ಒಂದು ತೆರೆದ ಕೊಳವೆ ಹೊರಗೆ ಹೋಗಿರುತ್ತದೆ. ಎಲ್ಲಕ್ಕಿಂತ ಮುಖ್ಯ ಅದೇ. ಒಂದು ಲೀಟರು ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗಿಂತ ಹೆಚ್ಚು ಜಾಗ ಬೇಕು. ಆ ದಾರಿ ಕಟ್ಟಿದರೆ ಡ್ರಮ್ಮೇ ಒಡೆಯಬಹುದು.

ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ ಅಂತ ಕೆಲವರು ತುದಿಗೆ ಮುಚ್ಚಳ ತಿರುಪುತ್ತಾರೆ. ಇದು ಮಾಡಬಾರದ ಕೆಲಸ. ತೊಟ್ಟಿಕ್ಕಲು ಕಾರಣ, ಕೊಳವೆಯ ಎತ್ತರ ಸಾಲದು. ಬಿಸಿ ನೀರು ಹಗುರವಾದ್ದರಿಂದ ಮೇಲಿನ ಟ್ಯಾಂಕಿನ ಮಟ್ಟಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಟ್ಯಾಂಕು ತುಂಬಿದಾಗಿನ ಮಟ್ಟಕ್ಕಿಂತ ಒಂದೂವರೆ ಎರಡಡಿ ಎತ್ತರಿಸಿ, ತುದಿಯನ್ನು ಕೆಳಮುಖ ಬಗ್ಗಿಸಿ ಬಿಟ್ಟರೆ ಆಯ್ತು. ಅದರ ಕೆಳಗೆ ಯಾರೂ ಓಡಾಡದ ಜಾಗವಿರಲಿ. ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆಯೇ ಅಂತ ಆಗಾಗ ನೋಡಿ.

ಇನ್ನೆರಡು ಎಚ್ಚರಿಕೆ. ಡ್ರಮ್ಮಿನಲ್ಲಿ ನೀರಿಲ್ಲದೆ ಒಲೆ ಹೊತ್ತಿಸಬೇಡಿ. ಮೆದು ಬೆಸುಗೆಯ ಜೋಡಣೆ 200 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಕಾಯಿಲಿಗೆ ಹಿತ್ತಾಳೆ ಅಥವಾ ಬೆಳ್ಳಿ ಬೆಸುಗೆಯೇ ಬೇಕು. ಒಣ ಕಾಯಿಲ್ ಕೆಂಪಗೆ ಕಾದದ್ದು ಗೊತ್ತಾದರೆ ಗಾಬರಿಯಲ್ಲಿ ನೀರು ಬಿಡಬೇಡಿ. ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಕಟ್ಟಿಗೆ ಎಳೆದು, ಪೂರ್ತಿ ತಣಿದ ಮೇಲೆಯೇ ನೀರು ತುಂಬಿ. ಒಲೆ ಹೊತ್ತಿಸುವವರಿಗೆಲ್ಲ, ಮಕ್ಕಳಿಗೂ, ಇದನ್ನು ಹೇಳಿಕೊಟ್ಟಿರಬೇಕು.

ಕಾಯಿಲ್ ಬದಲಿಸುವ ಮೊದಲು

* ಡ್ರಮ್ಮಿನ ನೀರು ಬಿಸಿ ಪೈಪಿನ ಬಾಯಿಗಿಂತ ಮೇಲಿದೆಯೇ?
* ಉಸಿರು ಕೊಳವೆ ತೆರೆದಿದೆಯೇ?
* ಕೆಳಗಿಂದ ನೀರು ಬಿಟ್ಟು ಗಾಳಿ ತೆಗೆದಾಯಿತೇ?
* ಬಿಸಿ ಪೈಪು ಉದ್ದಕ್ಕೂ ಏರುತ್ತಿದೆಯೇ? ನಳಿಗೆ ಹಿಡಿದು ನೋಡಿದಿರಾ?
* ಒಂದಿಂಚಿಗಿಂತ ಕಿರಿದಾದ ಪೈಪು, ವಾಲ್ವು ನಡುವೆ ಇದೆಯೇ?
* ಒಳಗೆ ಗಾರು, ಹೊರಗೆ ಮಸಿ ತೆಗೆದಿರಾ?

ಇವೆಲ್ಲ ಸರಿಯಿದ್ದೂ ನೀರು ತಿರುಗದಿದ್ದರೆ ಮಾತ್ರ ಕಾಯಿಲಿನ ಮಾತು. ಅಲ್ಲಿಗೆ ಮುಟ್ಟುವವರು ಬಹಳ ಕಡಿಮೆ. ಬೇರೆ ಬಗೆಯ ಕಾಯಿಲ್, ಬೇರೆ ಬಗೆಯ ಜೋಡಣೆ ಮಾಡಿ ವರ್ಷಗಟ್ಟಲೆ ಸುಸೂತ್ರ ನಡೆಸಿದವರು ಇದ್ದರೆ ಅಳತೆ ಸಹಿತ ಪತ್ರಿಕೆಗೆ ಬರೆಯಲಿ. ಹತ್ತು ಮನೆಯವರಿಗೆ ಉಪಕಾರವಾದೀತು.